ಮುಡಿಪಿನೊಳಗಿನ ಎರಡನೇ ಪುಟ

ಸೆಪ್ಟೆಂಬರ್ 16, 2025. ಮಂಗಳವಾರ. ಮುಟ್ಟಳ್ಳಿ.

…ಅದನ್ನೇ ನಾನೂ ಬೆಳಗಿನಿಂದ ಹೇಳುತ್ತಿರುವುದು, ಹದಿನಾರನೇ ಕ್ರೋಮೋಸೋಮ್ ಬೇರೆ, ಡೌನ್ ಸಿಂಡ್ರೋಮಿನ ಇಪ್ಪತ್ತೊಂದು ಬೇರೆ. ಆದರೆ ಈ ಮನೆಯಲ್ಲಿ ಕೇಳುವವರು ಯಾರು? ನನ್ನ ಗಂಡ ದಿನಕರನಿಗೆ ಭಟ್ಕಳ ಬಂದರದ ಅಷ್ಟೂ ಬೋಟುಗಳ ಇಂಜಿನ್ನಿನ ಕಾಯಿಲೆ ಶಬ್ದ ಕೇಳಿದರೆ ಸಾಕು ಗೊತ್ತಾಗುತ್ತದೆ. ಕ್ರೋಮೋಸೋಮ್ ಅಂದರೆ ಮಾತ್ರ ಬಾಯಿ ಬಿಟ್ಟು ಕೂರುತ್ತಾರೆ. ಅತ್ತೆ ಹೊನ್ನಮ್ಮನಂತೂ ‘ಹದಿನಾರನೇದು ಹೆಚ್ಚಾತು’ ಅಂದದ್ದಕ್ಕೆ ‘ಹೆಚ್ಚಾದ್ರೆ ಒಳ್ಳೇದೇ ಅಲ್ದಾ?’ ಅಂದರು.

ಎರಡು ವಾರದ ಹಿಂದೆ ಹೊನ್ನಾವರದಲ್ಲಿ ತೆಗೆದ ರಕ್ತದ ರಿಪೋರ್ಟ್ ಇವತ್ತು ಬಂತು. ಹದಿನಾರನೇ ಕ್ರೋಮೋಸೋಮ್ ಎರಡಿರಬೇಕಾದಲ್ಲಿ ಮೂರು ಇರುವ ಸಾಧ್ಯತೆ ಜಾಸ್ತಿಯಂತೆ. ಡಾಕ್ಟರಮ್ಮ ಫೋನಿನಲ್ಲಿ ನಿಧಾನವಾಗಿ ಹೇಳಿದರು: ‘ಗಾಬರಿ ಬೇಡ ಸಂಪದಾ. ನಿನ್ನ ರಕ್ತದಲ್ಲಿ ಸಿಕ್ಕಿದ್ದು ಮಾಸಿನ, ಅಂದ್ರೆ ಪ್ಲಾಸೆಂಟಾದ, ಚೂರು, ಮಗುವಿನದ್ದಲ್ಲ. ಮಗುವಿನದ್ದು ಗೊತ್ತಾಗಬೇಕು ಅಂದ್ರೆ ಹದಿನಾರು ವಾರ ಆದ್ಮೇಲೆ ಮಗುವಿನ ಸುತ್ತ ಇರೋ ನೀರನ್ನು ಸೂಜಿಯಲ್ಲಿ ತೆಗೆದು ನೋಡ್ಬೇಕು. ಉಡುಪಿ ಕಡೆಯ ಆಸ್ಪತ್ರೆಗೆ ಬರೆದು ಕೊಡ್ತೇನೆ.’

ಫೋನಿಟ್ಟ ಕೂಡಲೇ ‘ಮಡಿಲು’ ಅನ್ನುವ ಗರ್ಭಿಣಿಯರ ಆನ್‌ಲೈನ್ ಗ್ರೂಪಿಗೆ ಹಾಕಿದೆ. ನಾಲ್ಕು ಸಾವಿರ ತಾಯಂದಿರು. ಅಡ್ಮಿನ್ ಸುಪ್ರಿಯಾ ಅಕ್ಕ ಹತ್ತೇ ನಿಮಿಷದಲ್ಲಿ ವಾಯ್ಸ್ ಕಳಿಸಿದರು! ಎರಡು ನಿಮಿಷ ಹದಿನಾಲ್ಕು ಸೆಕೆಂಡಿನದ್ದು, ನನ್ನೊಬ್ಬಳಿಗೇ ಅಂತ. ‘ಕಂದ, ಭಯವೇ ಮೊದಲನೇ ಕಾಯಿಲೆ. ನಂಬಿಕೆ ಇಡು.’ ಆರು ಸಲ ಕೇಳಿದೆ. ಅವರು ಯಾವ ಊರಿನವರೋ, ಮುಖ ಹೇಗಿದೆಯೋ ಗೊತ್ತಿಲ್ಲ. ಗರ್ಭಿಣಿಯಾದ ದಿನದಿಂದ ನಾನು ಕಲಿತದ್ದೆಲ್ಲ ಅವರಿಂದಲೇ. ಆ ದನಿ ಕೇಳಿದರೆ ಎದೆ ತಣ್ಣಗಾಗುತ್ತದೆ.


ಸೆಪ್ಟೆಂಬರ್ 19. ಶುಕ್ರವಾರ.

ಇವತ್ತಿನದು ಬರೆಯಲೇಬೇಕು. ಅತ್ತೆ ಹಿತ್ತಲಿನ ಸೌತೆ ಚಪ್ಪರದ ಬುಡದಲ್ಲಿ ಕೂತಿದ್ದರು. ಮಾಸಿನಲ್ಲಿ ದೋಷ ಇದ್ದರೂ ಮಗು ಸರಿ ಇರಬಹುದು ಅಂತ ನಾನು ವಿವರಿಸುತ್ತಿದ್ದೆ. ಎರಡಕ್ಕೂ ಬೀಜ ಒಂದೇ, ಮೊದಲ ದಿನಗಳಲ್ಲೇ ಬೇರೆ ಬೇರೆಯಾಗುತ್ತವೆ, ತಪ್ಪು ಒಂದರಲ್ಲಿ ಉಳಿದು ಇನ್ನೊಂದರಲ್ಲಿ ಇಲ್ಲದೆ ಇರಬಹುದು. ಗ್ರೂಪಿನಲ್ಲಿ ಇದರ ಚಿತ್ರವೂ ಇತ್ತು, ತೋರಿಸಿದೆ.

ಅತ್ತೆ ಚಿತ್ರ ನೋಡಲೇ ಇಲ್ಲ. ಒಂದು ಹಳದಿಯಾದ ಮಿಡಿ ಕಿತ್ತು ನನ್ನ ಕಾಲ ಹತ್ತಿರ ಒಗೆದರು. ‘ತೊಟ್ಟು ಕೊಳೆತ್ರೆ ಮಿಡಿ ಎಷ್ಟು ದಿನ ನಿಲ್ತದೆ, ಹೇಳೆ ನೋಡ್ವ, ಮೊಬೈಲಿನ ಡಾಕ್ಟ್ರೆ?’

ನಗು ತಡೆಯಲಾಗಲಿಲ್ಲ. ‘ನಮ್ಮ ಅತ್ತೆಯ ಸೌತೆಕಾಯಿ ಜೆನೆಟಿಕ್ಸ್’ ಅಂತ ಗ್ರೂಪಿಗೆ ಹಾಕಿದೆ. ಇನ್ನೂರ ಹನ್ನೆರಡು ನಗು! ಸುಪ್ರಿಯಾ ಅಕ್ಕನೂ ಮೂರು ನಗು ಒತ್ತಿದರು. ಇವರು ಮಾತ್ರ ತಮ್ಮ ತಾಯಿಯ ಪರ ನಿಂತು ‘ಆಯಿ ಮಾತಿಗೆ ಊರನ್ನೆಲ್ಲ ನಗ್ಸಬೇಡ ಮಾರಾಯ್ತಿ’ ಅಂದರು. ಊರಲ್ಲ, ತಾಯಂದಿರ ಗ್ರೂಪು ಅಂದೆ.


ಅಕ್ಟೋಬರ್ 3. ಶುಕ್ರವಾರ.

ನೀರು ತೆಗೆದರು.

ರೈಲಿನಲ್ಲಿ ಹೋಗುವಾಗ ಇವರು ಬಾಯಿ ತುಂಬ ಮಾತಾಡುತ್ತಿದ್ದರು, ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ನನ್ನ ಚೀಲ ಹಿಡಿದು ಹಿಂದೆ ಹಿಂದೆ ಬಂದರು. ಅಲ್ಲಿ ಜೆನೆಟಿಕ್ ಕೌನ್ಸೆಲರ್ ಅಂತ ಒಬ್ಬಳು, ನನ್ನದೇ ವಯಸ್ಸು. ‘ಎರಡು ಪ್ರಶ್ನೆ ಇದೆ. ಮಗು ಸರಿ ಇದೆಯಾ ಅನ್ನೋದು ಒಂದು. ಮಾಸು ಮಗುವನ್ನು ಸಾಕುತ್ತಾ ಅನ್ನೋದು ಇನ್ನೊಂದು. ಈ ಸೂಜಿ ಮೊದಲನೇದಕ್ಕೆ ಮಾತ್ರ ಉತ್ತರ ಹೇಳ್ತದೆ’ ಅಂದಳು. ನಾನು ತಲೆಯಾಡಿಸಿದೆ. ಸೂಜಿಯ ಉದ್ದ ನೋಡುತ್ತಿದ್ದೆ.

ಪರದೆಯ ಮೇಲೆ ಮಗು ಕೈ ಆಡಿಸುವುದು ಕಂಡಿತು. ಸೂಜಿಯ ಆಚೆ ಬದಿಯಲ್ಲಿ, ತನಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ.


ಅಕ್ಟೋಬರ್ 6.

ಹೊಟ್ಟೆ ಮುಟ್ಟಿಕೊಳ್ಳಲಿಕ್ಕೂ ಹೆದರಿಕೆ. ಸರಿ ಇಲ್ಲ ಅಂತ ಬಂದರೆ ಏನು ಮಾಡುವುದು ಅಂತ ಇವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಸರು ಯೋಚಿಸುವುದನ್ನು ನಿಲ್ಲಿಸಿದ್ದೇನೆ.


ಅಕ್ಟೋಬರ್ 21. ಮಂಗಳವಾರ. ದೀಪಾವಳಿ.

ನಾರ್ಮಲ್! ನಾರ್ಮಲ್! ನಾರ್ಮಲ್!

ಎಣ್ಣೆ ಹಚ್ಚಿಕೊಂಡು ಕೂತಿದ್ದೆ, ಆ ಕೌನ್ಸೆಲರ್ ಹುಡುಗಿಯ ಫೋನು. ‘ಮಗುವಿನ ಕ್ರೋಮೋಸೋಮ್ ಎಲ್ಲಾ ಸರಿ ಇದೆ. ಹಾಗಾದ್ರೆ ತೊಂದರೆ ಇರೋದು ಮಾಸಿನಲ್ಲಿ ಮಾತ್ರ. ಆದರೆ…’ ಅನ್ನುವಷ್ಟರಲ್ಲಿ ಇವರು ಫೋನ್ ಕಸಿದುಕೊಂಡು ‘ಥ್ಯಾಂಕ್ಸ್ ಮೇಡಂ, ನಿಮಗೆ ಪುಣ್ಯ ಬರ್ಲಿ’ ಅಂತ ಕೂಗಿಯೇ ಕೂಗಿದರು. ರಿಪೋರ್ಟ್ ಕೊರಿಯರ್‌ನಲ್ಲಿ ಬರುತ್ತದಂತೆ. ನಾನು ಎಣ್ಣೆ ತಲೆಯಲ್ಲೇ ಅತ್ತೆಯನ್ನು ತಬ್ಬಿಕೊಂಡೆ. ಅವರ ಹೊಸ ಸೀರೆಗೆಲ್ಲ ಎಣ್ಣೆ. ‘ಹೋಗ್ಲಿ ಬಿಡೆ, ಸೀರೆ ಮತ್ತೊಂದು ಬತ್ತದೆ’ ಅಂದರು. ಹೊನ್ನಮ್ಮನ ಬಾಯಲ್ಲಿ ಅಂಥ ಮಾತು ಕೇಳಿದ್ದು ಮೊದಲ ಸಲ.


ಅಕ್ಟೋಬರ್ 27. ಸೋಮವಾರ.

ರಿಪೋರ್ಟ್ ಬಂತು. ಎರಡು ಪುಟ. ಮೊದಲನೇ ಪುಟದಲ್ಲಿ ದಪ್ಪಕ್ಷರದಲ್ಲಿ ಆ ಒಂದು ಸಾಲು ಇದೆ, ಅದೊಂದನ್ನೇ ಫೋಟೋ ತೆಗೆದು, ಹೆಸರು ಗಿಸರು ಎಲ್ಲಾ ಕತ್ತರಿಸಿ ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: ‘ರಕ್ತದ ರಿಪೋರ್ಟ್ ನೋಡಿ ಅತ್ತವಳು ನಾನು. ಈಗ ನೋಡಿ. ಮಾಸಿನ ತಪ್ಪಿಗೆ ಮಗು ಹೊಣೆಯಲ್ಲ. ಮಗು ನಾರ್ಮಲ್ ಅಂದ ಮೇಲೆ ಮುಗಿಯಿತು, ಆಸ್ಪತ್ರೆ ಸುತ್ತಿ ಸುತ್ತಿ ಭಯ ಕೊಂಡುಕೊಳ್ಳಬೇಡಿ.’

ಸುಪ್ರಿಯಾ ಅಕ್ಕ ಅದನ್ನು ಪಿನ್ ಮಾಡಿದರು. ನಾಲ್ಕು ಸಾವಿರ ಜನರ ಕಣ್ಣಿಗೆ ಮೊದಲು ಬೀಳುವುದು ನನ್ನ ಮಾತು! ಹೆಸರಿನ ಮುಂದೆ ‘ಧೈರ್ಯಲಕ್ಷ್ಮಿ’ ಅಂತ ಬಿರುದು ಬೇರೆ.

ಎರಡನೇ ಪುಟದಲ್ಲಿ ಇಂಗ್ಲಿಷಿನಲ್ಲಿ ಏಳೆಂಟು ಸಾಲು ಸಲಹೆ ಇದೆ. ಎಲ್ಲಾ ರಿಪೋರ್ಟಿನಲ್ಲೂ ಇರುತ್ತದೆ ಅಂಥದ್ದು. ಕಣ್ಣಾಡಿಸಿದೆ.

ಸಂಜೆ ಅತ್ತೆ ಮಿಂದು ಬಂದು, ಆ ಎರಡೂ ಪುಟ ಮಡಚಿ, ಒಂದು ರೂಪಾಯಿ ನಾಣ್ಯ ಇಟ್ಟು, ಅರಿಸಿನ ಬಟ್ಟೆಯಲ್ಲಿ ಹರಕೆಯ ಮುಡಿಪು ಕಟ್ಟಿ ಮನೆದೇವರ ಮುಂದೆ ಇಟ್ಟರು. ಹೆರಿಗೆಯಾದ ಮೇಲೆ ಕೂಸನ್ನು ಎತ್ತಿಕೊಂಡು ದೇವಸ್ಥಾನಕ್ಕೆ ಹೋಗಿ ಬಿಚ್ಚಿ ಒಪ್ಪಿಸುವುದಂತೆ. ರಿಪೋರ್ಟಿಗೆ ಮುಡಿಪು ಕಟ್ಟಿದ್ದು ಜಗತ್ತಿನಲ್ಲಿ ಇದೇ ಮೊದಲಿರಬೇಕು. ಇವರಿಗೂ ನನಗೂ ನಗು. ಆದರೆ ಕೈ ಮುಗಿದೆವು.


ನವೆಂಬರ್ 4.

ತದಡಿಯಿಂದ ಚಂದನಾ ಅಂತ ಒಬ್ಬಳು ಮೆಸೇಜ್ ಮಾಡಿದ್ದಾಳೆ. ಅವಳ ಗಂಡ ಬೋಟಿಗೆ ಹೋಗುವವನು. ಅವಳ ರಕ್ತದ ರಿಪೋರ್ಟಿನಲ್ಲಿ ಇಪ್ಪತ್ತೆರಡನೆಯದು ಹೆಚ್ಚು ಬಂದಿದೆಯಂತೆ, ಹದಿನಾರು ವಾರ, ನೀರು ತೆಗೆಸುವುದು ಇನ್ನೂ ಬಾಕಿ. ‘ಅಕ್ಕ, ನಿಮ್ಮ ಪೋಸ್ಟ್ ಓದಿಯೇ ನಾನು ಊಟ ಮಾಡಿದ್ದು’ ಅಂತ ಬರೆದಿದ್ದಾಳೆ. ನನ್ನನ್ನು ಅಕ್ಕ ಅಂದವಳು ಅವಳೊಬ್ಬಳೇ. ನಾನೂ ವಾಯ್ಸ್ ಕಳಿಸಿದೆ. ‘ಭಯವೇ ಮೊದಲನೇ ಕಾಯಿಲೆ ಚಂದನಾ.’


ನವೆಂಬರ್ 25. ಮಂಗಳವಾರ.

ಹೊನ್ನಾವರ. ಇಪ್ಪತ್ನಾಲ್ಕು ವಾರದ ಸ್ಕ್ಯಾನ್. ಡಾಕ್ಟರಮ್ಮ ಅಳೆದು, ಮತ್ತೆ ಅಳೆದು, ‘ಸ್ವಲ್ಪ ಸಣ್ಣ ಇದೆ. ಇಪ್ಪತ್ತೆರಡು ವಾರದಷ್ಟು ಕಾಣ್ತದೆ. ಉಡುಪಿಯ ರಿಪೋರ್ಟ್ ಎಲ್ಲಿ?’ ಅಂದರು. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ.

‘ಇದು ಒಂದು ಸಾಲು. ಪೂರ್ತಿ ಕಾಗದ ಬೇಕು. ಮುಂದೆ ಎಂತ ಮಾಡ್ಬೇಕು ಅಂತ ಅದರಲ್ಲಿ ಬರ್ದಿರ್ತಾರೆ. ಡಿಸೆಂಬರ್ ಹನ್ನೊಂದಕ್ಕೆ ಬಾ, ತಪ್ಪಿಸ್ಬೇಡ. ಹೊಕ್ಕುಳಬಳ್ಳಿಯಲ್ಲಿ ರಕ್ತ ಹೇಗೆ ಹರೀತದೆ ನೋಡ್ಬೇಕು.’

ನಾನೂ ಸಣ್ಣ, ಇವರೂ ಸಣ್ಣ, ಮಗು ಪೈಲ್ವಾನ್ ಆಗುತ್ತದಾ? ಗ್ರೂಪಿನಲ್ಲಿ ಕೇಳಿದೆ. ಐವತ್ತು ಜನ ‘ಸಣ್ಣ ಕೂಸಾದರೆ ಹೆರಿಗೆ ಸಲೀಸು’ ಅಂದರು.


ನವೆಂಬರ್ 26.

ಅತ್ತೆ ಮುಡಿಪು ಮುಟ್ಟಲು ಬಿಡಲಿಲ್ಲ. ‘ಕಟ್ಟಿದ್ದು ಬಿಚ್ಚುಕೆ ಇಲ್ಲ. ಬಿಚ್ಚಿದ್ರೆ ಹೊತ್ತ ಹರಕೆ ಎಲ್ಲಿಗೆ ಹೋತು? ನಿಂಗೆ ಕೂಸು ಬೇಕಾ ಕಾಗ್ದ ಬೇಕಾ?’

ಇವರು ಆಸ್ಪತ್ರೆಗೆ ಫೋನು ಮಾಡಿ ಇನ್ನೊಂದು ಪ್ರತಿ ಕೇಳುತ್ತೇನೆ ಅಂದರು. ಮರೆಯುತ್ತಾರೆ ಅಂತ ನನಗೆ ಗೊತ್ತು. ನಾನೂ ಒತ್ತಾಯ ಮಾಡಲಿಲ್ಲ. ಏನಿದೆ ಅದರಲ್ಲಿ.


ಡಿಸೆಂಬರ್ 11. ಗುರುವಾರ.

ಇವತ್ತು ನನಗೆ ಸೀಮಂತದ ಹೂ ಮುಡಿಸಿದರು. ಧನುರ್ಮಾಸ ಹಿಡಿದರೆ ಶುಭಕಾರ್ಯ ಇಲ್ಲ, ಭಟ್ಟರು ಕೊಟ್ಟದ್ದು ಇದೊಂದೇ ದಿನ. ಹೊನ್ನಾವರಕ್ಕೆ ಹೋಗಬೇಕಾದದ್ದೂ ಇವತ್ತೇ. ಡಾಕ್ಟರಮ್ಮ ಎಲ್ಲಿಗೂ ಓಡಿ ಹೋಗುವುದಿಲ್ಲ, ಮುಹೂರ್ತ ಹೋಗುತ್ತದೆ ಅಂತ ಎಲ್ಲರೂ ಅಂದರು. ನಾನೂ ಅಂದೆ.

ಹೂವಿನ ಭಾರಕ್ಕೆ ಕುತ್ತಿಗೆ ನೋಯುತ್ತಿದೆ. ಕೇರಿಯ ಸಣ್ಣಿ ಅಜ್ಜಿ ಹಾಡು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡರು. ನಡುವೆ ಹಾಡು ನಿಲ್ಲಿಸಿ ‘ಹೊಟ್ಟೆ ಎಲ್ಲೆ ಹೆಣ್ಣೆ? ಸೀರೆ ಒಳಗೆ ಹುಗ್ಸಿ ಇಟ್ಟಿದ್ಯಾ?’ ಅಂದರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ನನ್ನ ತಟ್ಟೆಗೆ ಇನ್ನೆರಡು ಕಜ್ಜಾಯ ಹಾಕಿದರು.

ನಾಡಿದ್ದು ತವರಿಗೆ, ಕುಮಟಾಕ್ಕೆ.


ಡಿಸೆಂಬರ್ 20. ಶನಿವಾರ. ಕುಮಟಾ.

ನನ್ನ ಹೆತ್ತ ಆಯಿಯ ಕೈಯ ಊಟ, ನಿದ್ದೆ, ಗ್ರೂಪು. ದಪ್ಪವಾಗುತ್ತಿರುವುದು ನಾನು ಮಾತ್ರ.

ಚಂದನಾಳ ನೀರಿನ ರಿಪೋರ್ಟ್ ನಾರ್ಮಲ್! ಹುಚ್ಚಿಯ ಹಾಗೆ ಕುಣಿದೆ. ಆದರೆ ಅವಳಿಗೆ ಮೂರು ವಾರಕ್ಕೊಂದು ಸ್ಕ್ಯಾನ್ ಬರೆದಿದ್ದಾರಂತೆ. ತದಡಿಯಿಂದ ಎರಡು ಬಸ್ಸು, ಅವಳ ಅತ್ತೆಯ ಗೊಣಗು. ‘ಅಕ್ಕ, ಮಗು ಸರಿ ಇದ್ದ ಮೇಲೂ ಬೇಕಾ ಇದು? ನೀವು ಮಾಡಿಸ್ತಾ ಇದ್ದೀರಾ?’

‘ಇಲ್ಲ ಮಾರಾಯ್ತಿ, ನಾನು ಬಿಟ್ಟು ತಿಂಗಳಾಯ್ತು. ನೋಡು, ಆರಾಮ ಇದ್ದೆ’ ಅಂದೆ.

ನನ್ನದು ಹೊಸ ವರ್ಷ ಆದ ಮೇಲೆ ಹೋದರಾಯಿತು.


ಜನವರಿ 10, 2026. ಶನಿವಾರ.

ನಿನ್ನೆಯಿಂದ ಮಗುವಿನ ಆಟ ಕಡಿಮೆ. ಮೊದಲೆಲ್ಲ ಊಟ ಮುಗಿದ ಕೂಡಲೇ ಎಡಪಕ್ಕೆಲುಬಿನ ಕೆಳಗೆ ಒದೆಯುವುದು, ಈಗ ಸುಮ್ಮನೆ ಮಗ್ಗುಲು ಬದಲಿಸಿದ ಹಾಗೆ. ಗ್ರೂಪಿನಲ್ಲಿ ಕೇಳಿದೆ. ಸಿಹಿ ತಿನ್ನು, ಎಡಕ್ಕೆ ಮಲಗು, ಏಳು ತಿಂಗಳಾದ ಮೇಲೆ ಜಾಗ ಸಾಲದೆ ಆಡುವುದಿಲ್ಲ. ಸುಪ್ರಿಯಾ ಅಕ್ಕನ ಹೃದಯದ ಗುರುತು.

ಬೆಲ್ಲ ತಿಂದೆ. ಎಡಕ್ಕೆ ಮಲಗಿದೆ.

ಆಯಿ ‘ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಪ, ಎಂತಕ್ಕೂ’ ಅಂದಳು.


ಜನವರಿ 11.

ಇಲ್ಲ.


ಜನವರಿ 23. ಶುಕ್ರವಾರ.

ಬರೆಯುವುದಿಲ್ಲ ಅಂದುಕೊಂಡಿದ್ದೆ. ಮಾತಾಡಿದರೆ ಆಯಿ ಅಳುತ್ತಾಳೆ, ಅದಕ್ಕೆ ಬರೆಯುತ್ತಿದ್ದೇನೆ.

ಡಾಕ್ಟರಮ್ಮ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡಾಗಲೇ ಗೊತ್ತಾಯಿತು. ಹೆರಿಗೆಗೆ ಒಂದೂವರೆ ದಿನ ಬೇಕಾಯಿತು. ಸತ್ತದ್ದನ್ನು ಹೆರಲಿಕ್ಕೂ ನೋವು ಅಷ್ಟೇ ಬರುತ್ತದೆ ಅಂತ ಯಾವ ಗ್ರೂಪಿನಲ್ಲೂ ಯಾರೂ ಹೇಳಿರಲಿಲ್ಲ. ಹೆಣ್ಣು. ಏಳುನೂರ ತೊಂಬತ್ತು ಗ್ರಾಂ. ಉಗುರು ಇತ್ತು. ಮೂಗು ಇವರದ್ದು. ನರ್ಸು ‘ನೋಡ್ತ್ಯಾ?’ ಅಂತ ಕೇಳಿದಳು, ಆಯಿ ಬೇಡ ಅಂದಳು, ನಾನು ಕೊಡಿ ಅಂದೆ. ಬೆಚ್ಚಗಿತ್ತು. ನನ್ನದೇ ಬಿಸಿ ಅದು.

ಇವರು ಒಬ್ಬರೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಎಲ್ಲಿ ಅಂತ ನಾನು ಕೇಳಿಲ್ಲ.

ಮರುದಿನ ಡಾಕ್ಟರಮ್ಮ ಹಾಸಿಗೆಯ ಮೇಲೆ ಕೂತು ಹೇಳಿದರು. ‘ಮಗುವಿಗೆ ಯಾವ ದೋಷವೂ ಇರಲಿಲ್ಲ ಸಂಪದಾ. ಮಾಸು ನನ್ನ ಅಂಗೈಯಷ್ಟಿತ್ತು, ಅರ್ಧ ಬಿಳಿಚಿ ಗಟ್ಟಿಯಾಗಿತ್ತು. ಅದು ಸಾಕಲಿಲ್ಲ.’

‘ಡಿಸೆಂಬರ್ ಹನ್ನೊಂದಕ್ಕೆ ಬಂದಿದ್ರೆ?’ ಅಂದೆ.

ನನ್ನ ಕೈ ಹಿಡಿದುಕೊಂಡರು. ‘ಉಳೀತಿತ್ತು ಅಂತ ಹೇಳಿದ್ರೆ ನಾನು ಸುಳ್ಳು ಹೇಳಿದ ಹಾಗೆ. ಉಳೀತಿರಲಿಲ್ಲ ಅಂತ ಹೇಳಿದ್ರೂ ಸುಳ್ಳೇ. ಮೊದಲೇ ಹೊರಗೆ ತೆಗೆಯೋದಾ ಅಂತ ಯೋಚಿಸುಕೆ ನಮಗೆ ಒಂದು ಅವಕಾಶ ಸಿಗ್ತಿತ್ತು. ಅಷ್ಟು ಹೇಳಬಹುದು.’

ಅಷ್ಟು ಸಾಕು. ಅಷ್ಟು ಹಿಡಿದುಕೊಂಡು ಒಂದು ಜನ್ಮ ಕಳೆಯಬಹುದು.

ಇವತ್ತು ಅತ್ತೆ ಬಂದಿದ್ದರು, ಇವರ ಜೊತೆ. ಕೈಕಾಲು ತೊಳೆಯಲಿಲ್ಲ, ನೀರು ಮುಟ್ಟಲಿಲ್ಲ. ಸೆರಗಿನ ಗಂಟಿನಿಂದ ಮುಡಿಪು ತೆಗೆದು ನನ್ನ ಹಾಸಿಗೆಯ ಮೇಲೆ ಇಟ್ಟರು.

‘ದೇವ್ರಿಗೆ ಕೊಡುಕೆ ಆತಿಲ್ಲ ಈಗ ಇದು. ನಿಂದೇ ಕಾಗ್ದ. ನೀನೇ ಓದು.’

ಬಿಚ್ಚಿದೆ. ಅರಿಸಿನ ಕಾಗದಕ್ಕೆಲ್ಲ ಹತ್ತಿತ್ತು. ಎರಡನೇ ಪುಟ. ಇವರು ‘ಕನ್ನಡದಲ್ಲಿ ಹೇಳು’ ಅಂದರು. ಹೇಳಿದೆ. ದೋಷ ಮಾಸಿಗೆ ಸೀಮಿತವಾಗಿರುವ ಸಂಭವ. ಹೀಗಿದ್ದಾಗ ಮಗುವಿನ ಬೆಳವಣಿಗೆ ಕುಂಠಿತವಾಗುವ, ಬೇಗ ಹೆರಿಗೆಯಾಗುವ, ಗರ್ಭದಲ್ಲೇ ಮಗು ಸಾಯುವ ಅಪಾಯ ಹೆಚ್ಚು. ಎರಡು ಮೂರು ವಾರಕ್ಕೊಮ್ಮೆ ತಪ್ಪದೆ ಸ್ಕ್ಯಾನ್ ಮಾಡಿಸಬೇಕು. ಇದನ್ನು ನಿಮ್ಮ ವೈದ್ಯರಿಗೆ ತೋರಿಸಬೇಕು.

ಇಂಗ್ಲಿಷ್ ಕಷ್ಟದ್ದೇನಲ್ಲ. ಬಿ.ಕಾಂ. ಓದಿದವಳಿಗೆ ಸಾಕಾಗುವಷ್ಟೇ ಇತ್ತು.

‘ಇದ್ನ ನೀನು ಅವತ್ತು ಓದಿದ್ಯಲ್ಲ?’ ಅಂದರು ಇವರು.

‘ನಿಮ್ಮ ಆಯಿ ಕಟ್ಟಿ ಇಟ್ಟಿದ್ದರು.’

‘ಕಟ್ಟುಕೆ ಮುಂಚೆ?’

ಅತ್ತೆ ನಡುವೆ ಬಂದರು. ‘ಅವ್ಳಿಗೆ ಯಾಕೆ ಹೇಳ್ತೆ? ಮೊಬೈಲು ಓದುಕೆ ಹೊತ್ತು ಬೇಡ್ವಾ ಅವ್ಳಿಗೆ? ನಾನು ಅವತ್ತೇ ಹೇಳಿದ್ದೆ, ತೊಟ್ಟು…’

‘ಹೇಳಿದವರು ನೀವೇ, ಕಟ್ಟಿದವರೂ ನೀವೇ!’ ಅಂತ ನಾನು ಕಿರುಚಿದೆ. ಬಾಳಂತಿ ಕಿರುಚಬಾರದಂತೆ, ಆಯಿ ನನ್ನ ಬಾಯಿ ಮುಚ್ಚಿದಳು. ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. ಅಷ್ಟು ದೊಡ್ಡ ಹೆಂಗಸು ಎಷ್ಟು ಸಣ್ಣಗಾಗಿದ್ದಾರೆ. ಪಾಪ ಅನಿಸಲಿಲ್ಲ. ಎಲ್ಲರಿಗೂ ಹಂಚಿದರೂ ನನ್ನ ಪಾಲು ಕಡಿಮೆಯಾಗುವುದಿಲ್ಲ, ಅದೊಂದೇ ಅನಿಸಿದ್ದು.


ಜನವರಿ 27.

ಎದೆಯಲ್ಲಿ ಹಾಲು ಕಟ್ಟಿದೆ. ಮಲ್ಲಿಗೆ ಹೂ ಇಟ್ಟು ಕಟ್ಟಿದ್ದಾರೆ, ಬತ್ತಲಿ ಅಂತ.


ಜನವರಿ 30. ಶುಕ್ರವಾರ.

ಗ್ರೂಪಿಗೆ ಬರೆದೆ. ಉದ್ದ ಇಲ್ಲ. ‘ನನ್ನ ಮಗು ಸತ್ತಿತು. ಮಗು ಸರಿ ಇತ್ತು, ಮಾಸು ಸರಿ ಇರಲಿಲ್ಲ. ನಾನು ಅಕ್ಟೋಬರ್ ಇಪ್ಪತ್ತೇಳಕ್ಕೆ ಬರೆದದ್ದು ತಪ್ಪು. ಇದು ಆ ರಿಪೋರ್ಟಿನ ಎರಡನೇ ಪುಟ.’ ಫೋಟೋ ಹಾಕಿದೆ, ಏನೂ ಕತ್ತರಿಸದೆ, ಅರಿಸಿನದ ಕಲೆಯ ಸಮೇತ.

ಆರು ನಿಮಿಷ ಇತ್ತು. ಆಮೇಲೆ ಇಲ್ಲ. ಆಮೇಲೆ ನಾನೂ ಇಲ್ಲ, ತೆಗೆದುಹಾಕಿದ್ದಾರೆ.

ಸಂಜೆ ಸುಪ್ರಿಯಾ ಅಕ್ಕನ ವಾಯ್ಸ್ ಬಂತು, ನಲವತ್ತು ಸೆಕೆಂಡು. ‘ಕಂದ, ನಿನ್ನ ದುಃಖ ಅರ್ಥ ಆಗ್ತದೆ. ಆದರೆ ಅಲ್ಲಿ ಗರ್ಭಿಣಿಯರು ಇದ್ದಾರೆ, ನೆಗೆಟಿವ್ ಹಾಕುವ ಹಾಗಿಲ್ಲ. ನೀನು ಮೊದಲು ಬರೆದದ್ದು ಎಷ್ಟೋ ಜನಕ್ಕೆ ಧೈರ್ಯ ಕೊಡ್ತಾ ಇದೆ, ಅದು ಇರಲಿ.’

ಇರಲಿ. ಅಂದರೆ ಅದು ಇನ್ನೂ ಮೇಲೆಯೇ ಇದೆ. ಧೈರ್ಯಲಕ್ಷ್ಮಿ ಹೇಳುತ್ತಲೇ ಇದ್ದಾಳೆ. ನಾನು ಅಳಿಸುವ ಹಾಗಿಲ್ಲ, ಒಳಗಿಲ್ಲವಲ್ಲ.

ವಾಯ್ಸ್ ಒಂದೇ ಸಲ ಕೇಳಿದೆ.

ಚಂದನಾಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಬರೆದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ.


ಫೆಬ್ರವರಿ 4.

ಏಳು ಸಲ ಫೋನು ಮಾಡಿದೆ ಅವಳಿಗೆ. ಲೆಕ್ಕ ಹಾಕಿದೆ, ಈಗ ಇಪ್ಪತ್ತೊಂಬತ್ತು ವಾರ ನಡೆಯುತ್ತಿರಬೇಕು.


ಫೆಬ್ರವರಿ 8. ಭಾನುವಾರ.

ಹೊಲಿಗೆ ತೋರಿಸಿ ಬರುತ್ತೇನೆ ಅಂತ ಆಯಿಗೆ ಸುಳ್ಳು ಹೇಳಿ ಹೊರಟೆ. ಭಾನುವಾರ ಯಾವ ಡಾಕ್ಟರು ಇರುತ್ತಾರೆ ಅಂತ ಅವಳಿಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಬಿಟ್ಟಳು. ಬಾಳಂತಿ ನಲವತ್ತು ದಿನ ಹೊಸಿಲು ದಾಟುವ ಹಾಗಿಲ್ಲ. ಕೂಸಿಲ್ಲದ ಬಾಳಂತಿಗೆ ಆ ನಿಯಮ ಯಾರಿಗೋಸ್ಕರ?

ತದಡಿಯಲ್ಲಿ ಬಸ್ಸಿಳಿದೆ. ಮೀನು ಒಣಗಿಸುತ್ತಿದ್ದ ಹೆಂಗಸರನ್ನು ಕೇಳಿದೆ. ಚಂದನಾಳ ಮನೆ ಬೋಟು ನಿಲ್ಲುವ ದಕ್ಕೆಯ ಹಿಂದಿನ ಓಣಿಯಲ್ಲಿ. ಅಂಗಳದಲ್ಲಿ ಅವಳ ಅತ್ತೆ ಗಣಪಿ ಬಲೆ ಹರಡಿಕೊಂಡು ಕೂತಿದ್ದರು. ‘ಯಾರ ಮನೆಯವ್ರಾ? ಬನ್ನಿ ಬನ್ನಿ’ ಅಂದರು ಮೊದಲು. ಹೆಸರು ಹೇಳಿದ ಕೂಡಲೇ ಎದ್ದು ನಿಂತರು.

‘ಅಲ್ಲೇ ನಿಲ್ಲೆ.’

‘ಚಂದನಾಳ ಹತ್ರ ಎರಡು ಮಾತು ಹೇಳಿ ಹೋಗ್ತೆ ಅಮ್ಮಾ.’

‘ಕೂಸು ಕಳ್ಕಂಡು ತಿಂಗ್ಳು ಆತಿಲ್ಲ, ಬಸುರಿ ಇದ್ದ ಮನೆಗೆ ಬಂದ್ಯಾ? ನಿಂಗೆ ಹೇಳುವವರು ಕೇಳುವವರು ಯಾರೂ ಇಲ್ವಾ? ನಿನ್ನ ನೆಳ್ಳು ಅಂಗ್ಳಕ್ಕೆ ಬಿತ್ತು ನೋಡು, ಹಿಂದೆ ಸರಿ!’

ನೋಡಿದೆ. ನಿಜ, ಬಿದ್ದಿತ್ತು. ಒಂದು ಹೆಜ್ಜೆ ಹಿಂದೆ ಸರಿದೆ. ಯಾಕೆ ಸರಿದೆನೋ.

ಕಿಟಕಿಯಲ್ಲಿ ಅವಳು ಕಂಡಳು. ಫೋಟೋಗಿಂತ ಚಿಕ್ಕ ಹುಡುಗಿ. ಹಸಿರು ನೈಟಿ, ಕೈಯಲ್ಲಿ ಮೊಬೈಲು. ಹೊಟ್ಟೆ ನೋಡಿದೆ. ಸಣ್ಣ. ಅಥವಾ ನನ್ನ ಕಣ್ಣಿಗೆ ಈಗ ಎಲ್ಲರ ಹೊಟ್ಟೆಯೂ ಸಣ್ಣ.

ರಸ್ತೆಯಲ್ಲೇ ನಿಂತು ಕೂಗಿದೆ. ‘ಚಂದನಾ, ನಾನು ಹೇಳಿದ್ದು ತಪ್ಪು! ನಿನ್ನ ರಿಪೋರ್ಟಿನ ಎರಡನೇ ಪುಟ ಓದಿಸು! ನಾಳೆಯೇ ಸ್ಕ್ಯಾನಿಗೆ ಹೋಗು, ನಾನು ಜೊತೆಗೆ ಬತ್ತೆ!’ ಪಕ್ಕದ ಮನೆಯವರು ಹೊರಗೆ ಬಂದರು. ಗಣಪಿ ಒಳಗೆ ಓಡಿ, ಒಂದು ಚೊಂಬು ನೀರಿಗೆ ಅರಿಸಿನವೋ ಗೋಮೂತ್ರವೋ ಏನನ್ನೋ ಬೆರೆಸಿ ತಂದು, ನನ್ನ ನೆರಳು ಬಿದ್ದಿದ್ದ ಜಾಗಕ್ಕೆ ಚೆಲ್ಲಿದರು. ‘ಹೋಗ್ತ್ಯಾ ಇಲ್ವಾ? ನಿನ್ನ ಬಾಯಿಗೆ ಹುಳ ಬೀಳ್ಲಿ, ನಮ್ಮನೆ ಬಸುರಿ ಮುಂದೆ ಸಾವಿನ ಸುದ್ದಿ ಹೇಳ್ತೆ!’

ಕಿಟಕಿ ಮುಚ್ಚಿತು. ಅವಳೇ ಮುಚ್ಚಿದಳೋ ಬೇರೆ ಯಾರೋ, ಕಾಣಲಿಲ್ಲ.

ಗಣಪಿಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಕೆ ಚೊಂಬು ಎತ್ತುತ್ತಾಳೆ, ಸುಪ್ರಿಯಾ ಬಟನ್ ಒತ್ತುತ್ತಾಳೆ. ಈಕೆ ಕಣ್ಣೆದುರು ನಿಂತು ಬೈದಳು, ಅಷ್ಟು ವಾಸಿ.

ವಾಪಸ್ ಬಸ್ಸಿನಲ್ಲಿ ಕೂತಾಗ ಮೊಬೈಲು ಗುಂಯ್ ಅಂದಿತು. ಚಂದನಾ.

‘ಅಕ್ಕ ಬೇಜಾರು ಮಾಡ್ಕಬೇಡಿ. ಅತ್ತೆ ಹಾಗೇ. ನಾನು ಗ್ರೂಪಿನಲ್ಲಿ ಕೇಳಿದೆ. ಎಲ್ಲರಿಗೂ ಹಾಗೆ ಆಗೋದಿಲ್ಲ, ನಿನಗೆ ಆಗೋದಿಲ್ಲ ಅಂದ್ರು ಸುಪ್ರಿಯಾ ಅಕ್ಕ. ನನ್ನ ಗಂಡ ಬೋಟಿಂದ ಬಂದ ಮೇಲೆ ನೋಡ್ವ ಅಂತ ಇದ್ದೆ. ಅವಸರ ಎಂತ ಇಲ್ಲ ಅಲ್ದಾ?’

ಮನೆ ತಲುಪುವವರೆಗೂ ಏನು ಬರೆಯುವುದು ಅಂತ ಯೋಚಿಸಿದೆ. ಶಾಪ ಹಾಕಿದ ಹಾಗೆ ಆಗಬಾರದು. ಸಮಾಧಾನ ಹೇಳಿದ ಹಾಗೂ ಆಗಬಾರದು, ಅದು ನಾನು ಹೇಳಿ ಮುಗಿಸಿದ್ದೇನೆ. ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಕಳಿಸಿದ್ದನ್ನೇ ಇಲ್ಲಿಯೂ ಬರೆದಿಡುತ್ತಿದ್ದೇನೆ. ಎರಡು ನೀಲಿ ಗೆರೆ ಬಂದಿದೆ, ಓದಿದ್ದಾಳೆ. ‘ಟೈಪಿಂಗ್’ ಅಂತ ತೋರಿಸಿತು, ನಿಂತಿತು. ಮತ್ತೆ ತೋರಿಸಿತು, ಮತ್ತೆ ನಿಂತಿತು. ಆಯಿ ಊಟಕ್ಕೆ ಕರೆಯುತ್ತಿದ್ದಾಳೆ, ನಾನು ಮೊಬೈಲು ಹಿಡಿದು ಕೂತಿದ್ದೇನೆ.

‘ಹೌದು ಚಂದನಾ, ಎಲ್ಲರಿಗೂ ಆಗುವುದಿಲ್ಲ. ಗ್ರೂಪನ್ನು ಕೇಳಬೇಡ, ನಿನ್ನ ಅತ್ತೆಯನ್ನೂ ಕೇಳಬೇಡ, ನನ್ನನ್ನೂ ನಂಬಬೇಡ. ನಿನ್ನ ಹೊಟ್ಟೆಯ ಮೇಲೆ ಕೈ ಇಟ್ಟು ಒಂದಕ್ಕೆ ಮಾತ್ರ ಉತ್ತರ ಕೊಡು: ಇವತ್ತು ಬೆಳಗಿನಿಂದ ಈ ಹೊತ್ತಿನವರೆಗೆ ಅದು ಎಷ್ಟು ಸಲ ಒದೆಯಿತು?’